ಪರಿಹಾರಕ್ಕೆ ಓಡಾಡಿದ್ದು, ಮತ್ತೆ ಹೊಳೆ ದಂಡೆಲೇ ಮನೆ ಕಟ್ಟಿದ್ದು

2019ರ ಆಗಸ್ಟಲ್ಲಿ ಹೊನ್ನಾಳಿಲಿ ತುಂಗಭದ್ರಾ ಹೊಳೆ ನಮ್ಮನೆ ಒಳಗೆ ಬಂದಾಗ ಗೋಡೆ ಮೇಲಿದ್ದ ಕ್ಯಾಲೆಂಡರ್ ಅರ್ಧ ನೆಂದಿತ್ತು, ಅಷ್ಟು ನೀರು. ನಾವು ಗಂಜಿ ಕೇಂದ್ರದಲ್ಲಿದ್ವಿ. ನೀರು ಇಳಿದ ಮಾರನೇ ದಿನನೇ ಸರ್ವೆಗೆ ಬಂದ್ರು, ಬರೀ ಬಿರುಕು ಕಾಣ್ತು, ಸಿ ಕೆಟಗರಿ ಅಂತ ಬರ್ಕೊಂಡು ಹೋದ್ರು. ಸಿ ಅಂದ್ರೆ ಸ್ವಲ್ಪ ಹಾನಿ, ಆ ವರ್ಷ ಅದಕ್ಕೆ 50 ಸಾವಿರ. ಆದ್ರೆ ಮಣ್ಣಿನ ಗೋಡೆ ನೆಂದ ತಕ್ಷಣ ಬೀಳದೇ ಇದ್ರೂ ಬಿಸಿಲು ಬಿದ್ಮೇಲೆ ಬೀಳಬಹುದು ಕಣ್ರೀ. ನಾಲ್ಕನೇ ದಿನ ಮಧ್ಯಾಹ್ನ ಅಡುಗೆಮನೆ ಗೋಡೆ ಹಂಗೇ ಕೂತ್ಕಂಡ್ಬಿಡ್ತು.

ಅವ್ವ ಮಣ್ಣು ಎತ್ತಾಕಕ್ಕೆ ಹೋದ್ಲು, ಮುಟ್ಟಬೇಡ ಅಂತ ಕೂಗಿದೆ. ಅವತ್ತಿನ ಪೇಪರ್ ಹಿಡ್ಕೊಂಡು ಫೋಟೋ ತೆಗೆದೆ, ಅಕ್ಕಪಕ್ಕದೋರ ಸಹಿ ಹಾಕಿಸ್ದೆ, ಅರ್ಜಿ ಕೊಟ್ಟು ಸೀಲ್ ಇರೋ ಸ್ವೀಕೃತಿ ಇಸ್ಕೊಂಡೆ (ಇದೊಂದು ಬಿಡಬೇಡಿ, ಆಮೇಲೆ ಅರ್ಜಿನೇ ಬಂದಿಲ್ಲ ಅಂತಾರೆ). ಐದು ಸಲ ಅಲೆದ ಮೇಲೆ ಎಂಜಿನಿಯರ್ ಬಂದು ನೋಡಿ ಬಿ ಮಾಡಿದ್ರು. ಬಿ ಅಂದ್ರೆ ಸಿಗಿಂತ ಜಾಸ್ತಿ ಹಾನಿ, ಆ ವರ್ಷ ಅದಕ್ಕೆ ರಿಪೇರಿಗೆ 3 ಲಕ್ಷ, ಕೆಡವಿ ಕಟ್ಟೋದಾದ್ರೆ 5 ಲಕ್ಷ.

ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಲೆಕ್ಕದಲ್ಲಾದ್ರೆ ಆಗ ಪೂರ್ತಿ ಬಿದ್ದ ಮನೆಗೂ ಸಿಗ್ತಿದ್ದಿದ್ದು 95,100 ರೂಪಾಯಿ ಅಷ್ಟೆ. ಆವಾಗ ಯಡಿಯೂರಪ್ಪ ಇನ್ನೂ ಮಂತ್ರಿಮಂಡಲನೇ ಇಲ್ದೆ ಒಬ್ರೇ ಸಿಎಂ, ಬೆಳಗಾವಿಯಿಂದ ಕೊಡಗಿನ ತನಕ ನೀರು, ಹಂಗಾಗಿ ರಾಜ್ಯದ ದುಡ್ಡು ಸೇರಿಸಿ 5 ಲಕ್ಷ ಅಂತ ಘೋಷಣೆ ಆಯ್ತು. ಮನೆನೂ ವರ್ಷ ನೋಡ್ಕೊಂಡು ಬೀಳ್ಬೇಕು ಅನ್ಸುತ್ತೆ.

ಸರಿ, ದುಡ್ಡು ಬಂತು, ಬೇರೆ ಕಡೆ ಹೋಗಬಹುದಿತ್ತಲ್ಲ ಅಂತ ಎಲ್ರೂ ಕೇಳ್ತಾರೆ. ದುಡ್ಡು ಒಂದೇ ಸಲ ಬರ್ಲಿಲ್ಲ, ಕಂತಲ್ಲಿ ಬಂತು, ಪಾಯ ಹಾಕಿದ್ಮೇಲೆ ಜಿಪಿಎಸ್ ಫೋಟೋ, ಗೋಡೆ ಎದ್ದಮೇಲೆ ಇನ್ನೊಂದು, ಸರ್ವೆಲಿ ಯಾವ ಜಾಗ ಐತೋ ಅಲ್ಲೇ ಕಟ್ಟಿ ಅಂತ ನಮಗೆ ಹೇಳಿದ್ದು, ಹೊಸ ಸೈಟ್ ತಗಳಕ್ಕೆ ಅದ್ರಲ್ಲಿ ಒಂದು ರೂಪಾಯಿನೂ ಇರ್ಲಿಲ್ಲ. ಊರಾಚೆ ಜಾಗ ಕೊಡ್ತಾರೆ ಅನ್ನೋ ಮಾತೂ ಇತ್ತು, ಆದ್ರೆ ಅವ್ವಂದು ಬಸ್‌ಸ್ಟ್ಯಾಂಡ್ ಹತ್ರ ಮಿರ್ಚಿ ಮಂಡಕ್ಕಿ ಗಾಡಿ, ದಿನಾ ಎಣ್ಣೆ ಬಾಣಲಿ, ಸ್ಟೌ, ಮಂಡಕ್ಕಿ ಚೀಲ ಎಲ್ಲ ಆಟೋಲಿ ಹಾಕ್ಕೊಂಡು ಓಡಾಡಿದ್ರೆ ಲಾಭ ಆಟೋದೋನಿಗೇ.

ಪಕ್ಕದ ಮನೆ ಬಾಡಿಗೆಯವ್ರ ಕಥೆ ಬೇರೆ. ಪಾತ್ರೆ ಬಟ್ಟೆಗೆ ಅಂತ 10 ಸಾವಿರ ಬಂತು, ಮನೆ ದುಡ್ಡು ಓನರ್‌ಗೆ. ಅವ್ರು ದಾವಣಗೆರೆಗೆ ಹೋದ್ರು, ವಾಪಸ್ ಬರ್ಲೇ ಇಲ್ಲ. ದುಡ್ಡು ಸಿಕ್ಕ ನಾವು ಹೊಳೆ ಪಕ್ಕನೇ ಉಳ್ಕಂಡ್ವಿ, ಸಿಗದೇ ಇರೋರು ದೂರ ಹೋದ್ರು.

ಪಾಯ ಎಷ್ಟು ಎತ್ತರ ಅಂತ ಮೇಸ್ತ್ರಿ ಕೇಳ್ದಾಗ ಉಳಿದಿದ್ದ ಗೋಡೆ ಮೇಲಿನ ನೀರಿನ ಗೆರೆ ತೋರಿಸ್ದೆ. ನಕ್ಕ. ಕಲ್ಲು, ಗ್ರಾವೆಲ್ ರೇಟ್ ಕೇಳಿದ್ಮೇಲೆ ಮೂರಡಿಗೆ ನಿಲ್ಲಿಸಿದ್ವಿ. ಈಗ್ಲೂ ಜುಲೈ ಬಂದ್ರೆ ಅವ್ವ ಮಂಡಕ್ಕಿ ಚೀಲನೆಲ್ಲ ಅಟ್ಟಕ್ಕೆ ಹಾಕ್ತಾಳೆ.