ಜಾಯ್ ಡಿವಿಷನ್ ಕೈಗೆ ಸಿಕ್ಕಿದ್ದು ಹೀಗೆ: ಐದು ಗೆಳೆಯರು, ಮೂರು ಪ್ರಶ್ನೆ

ಜಾಯ್ ಡಿವಿಷನ್ ಅಂದರೆ ಎಪ್ಪತ್ತರ ದಶಕದ ಕೊನೆಯ, ಇಂಗ್ಲೆಂಡಿನ ನಾಲ್ವರ ರಾಕ್ ಬ್ಯಾಂಡ್. ಗೆಳೆಯರ ಮಾತು ಹಿಡಿದುಕೊಂಡು ಅದನ್ನು ಕೇಳೋಕೆ ಹೋಗಬೇಡ, ಆಲ್ಬಂಗಳನ್ನು ವರ್ಷದ ಲೆಕ್ಕದಲ್ಲಿ ಕೇಳಿಕೊಂಡು ಬಾ ಅಂತ ಹೇಳಿದವರೇ ಜಾಸ್ತಿ. ನಾನು ಗೆಳೆಯರ ಮಾತನ್ನೇ ಹಿಡಿದೆ. ಎರಡು ಸಲ ಕೆಟ್ಟಿತು, ಮೂರನೇ ಸಲ ಕೂತಿತು. ಬೇಡ ಅಂದವರಲ್ಲಿ ಇಬ್ಬರು ಈಗ ಇದೇ ವಿಧಾನದಲ್ಲಿ ಬೇರೆ ಬ್ಯಾಂಡ್ ಕೇಳುತ್ತಿದ್ದಾರೆ.

ಮೊದಲ ತಪ್ಪು, 'ಹೇಗಿದೆ?' ಅಂತ ಕೇಳಿದ್ದು. ಐದು ಜನರಿಂದ ಐದು ಉತ್ತರ ಬಂತು: 'ಸಾವಿನ ಮನೆ ಮಗಾ ಅದು', 'ಬರೀ ಗಲಾಟೆ', 'ಕುಣೀಬಹುದು', 'ಹಾಡೋನಿಗೆ ಶ್ರುತಿ ನಿಲ್ಲಲ್ಲ', 'ಬೇಸ್ ಗಿಟಾರ್ ಬಿಟ್ರೆ ಏನಿದೆ?' ಇವನ್ನೆಲ್ಲ ಕೂಡಿಸಿ ಒಂದು ಸರಾಸರಿ ತೆಗೆಯಲು ನೋಡಿದರೆ ಏನೂ ಹುಟ್ಟಲ್ಲ. 'ಎಲ್ಲಾ ಅದ್ರಲ್ಲೇ ಇದೆ' ಎಂಬ ಮಾತು ನಂಬಿ ಮೊದಲು ಕೊಂಡಿದ್ದು 'ಸ್ಟಿಲ್'. ಮೂರು ಸಾವಿರದ ಹತ್ತಿರ ಹೋಯಿತು. 1981ರ ಆ ಜೋಡಿ ಎಲ್‌ಪಿಯಲ್ಲಿ (ದೊಡ್ಡ ಗ್ರಾಮಫೋನ್ ತಟ್ಟೆ) ಇರುವುದು ಉಳಿದುಹೋಗಿದ್ದ ಹಾಡುಗಳು, ಜೊತೆಗೆ 1980ರ ಮೇ 2ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಕೊನೆಯ ಕಾರ್ಯಕ್ರಮ. ಬ್ಯಾಂಡ್ ಪರಿಚಯವಾದ ಮೇಲೆ ಅದು ಬಂಗಾರ, ಮೊದಲ ದಿನಕ್ಕೆ ದಂಡ.

ಎರಡನೇ ತಪ್ಪು ಬ್ಲೂಟೂತ್ ಸ್ಪೀಕರ್. ಒಂದೇ ಡಬ್ಬಿ, ಅದರಲ್ಲಿ ತಗ್ಗಿನ ಸ್ವರಗಳನ್ನು ಉಬ್ಬಿಸಿಟ್ಟಿರುತ್ತಾರೆ. ಡ್ರಮ್ ಸುತ್ತ ಇರುವ ಖಾಲಿ ಜಾಗವೆಲ್ಲ ಅದರಲ್ಲಿ ತುಂಬಿಹೋಗುತ್ತದೆ. ಈ ಬ್ಯಾಂಡ್‌ನಲ್ಲಿ ಕೇಳಬೇಕಾದದ್ದೇ ಆ ಖಾಲಿ ಜಾಗ.

ಮೂರನೇ ಸಲ ಪ್ರಶ್ನೆ ಬದಲಿಸಿದೆ. ಯಾವ ಹಾಡು ಕೇಳಿದೆ? ಯಾವುದರಲ್ಲಿ ಕೇಳಿದೆ? ಎಷ್ಟು ಹೊತ್ತಿಗೆ ನಿಲ್ಲಿಸಿದೆ? ಉತ್ತರಗಳನ್ನು ನೋಟ್‌ಬುಕ್ಕಿಗೆ ಇಳಿಸಿದರೆ ಜಗಳವೇ ಉಳಿಯಲಿಲ್ಲ. 'ಗಲಾಟೆ' ಅಂದವನು ಕೇಳಿದ್ದು 1978ರ ನಾಲ್ಕು ಹಾಡಿನ 'ಆನ್ ಐಡಿಯಲ್ ಫಾರ್ ಲಿವಿಂಗ್' ಮಾತ್ರ. 'ಕುಣೀಬಹುದು' ಅಂದವನದು 'ಟ್ರಾನ್ಸ್‌ಮಿಷನ್' ಮತ್ತು 'ಲವ್ ವಿಲ್ ಟೇರ್ ಅಸ್ ಅಪಾರ್ಟ್'. ಎರಡೂ ಬಿಡಿ ಹಾಡುಗಳು, ಸ್ಟುಡಿಯೋ ಆಲ್ಬಂಗಳಲ್ಲಿ ಇಲ್ಲ. 'ಸಾವಿನ ಮನೆ'ಯವನು ಎರಡನೇ ಆಲ್ಬಂ 'ಕ್ಲೋಸರ್'ನ ಕೊನೆಯ ಎರಡು ಹಾಡಿಗೇ ನಿಂತಿದ್ದ. ಶ್ರುತಿಯ ದೂರು ಲೈವ್ ರೆಕಾರ್ಡಿಂಗ್‌ನದು. ಬೇಸ್‌ನವನು ಕೇಳಿದ್ದು ಫೋನ್ ಸ್ಪೀಕರ್‌ನಲ್ಲಿ.

ಫೋನ್‌ನಲ್ಲಿ ಬೇಸ್ ಮಾತ್ರ ಉಳಿಯುತ್ತದೆಯೇ? ಈ ಬ್ಯಾಂಡ್‌ನಲ್ಲಿ ಹೌದು. ಬೇಸ್ ಗಿಟಾರಿನ ಪೀಟರ್ ಹುಕ್ ನುಡಿಸುವುದು ಏರುಸ್ವರದ ತಂತಿಗಳ ಮೇಲಿನ ಮನೆಗಳಲ್ಲಿ (ಫ್ರೆಟ್). ಜಿ ತಂತಿ ಬಿಡಿಯಾಗಿ 98 ಹರ್ಟ್ಸ್, ಹನ್ನೆರಡನೇ ಫ್ರೆಟ್‌ನಲ್ಲಿ 196. ಆ ಸ್ವರದ ಜೊತೆಗೇ ಮೊಳಗುವ ಇನ್ನೂ ಮೇಲಿನ ಸ್ವರಗಳನ್ನು ಫೋನ್ ಹಿಡಿಯುತ್ತದೆ. ಕಾಲಲ್ಲಿ ಬಾರಿಸುವ ಕಿಕ್ ಡ್ರಮ್, ಹಾಡುವ ಇಯಾನ್ ಕರ್ಟಿಸ್ ದನಿಯ ತಳ, ಎರಡೂ ಮಾಯ. ಹುಕ್ ಮೇಲೆ ಹೋಗಿದ್ದೂ ಸ್ಪೀಕರ್ ಕಾರಣಕ್ಕೇ. ಬರ್ನಾರ್ಡ್ ಸಮ್ನರ್ ಗಿಟಾರ್ ಅಬ್ಬರದಲ್ಲಿ ತನ್ನ ಸಾಧಾರಣ ಸ್ಪೀಕರ್‌ನ ಕೆಳಸ್ವರ ಹುಕ್‌ಗೇ ಕೇಳುತ್ತಿರಲಿಲ್ಲ.

ನನ್ನ ಹೆಚ್ಚು ಹೊತ್ತು ತಿಂದಿದ್ದು ಮೊದಲ ಆಲ್ಬಂ 'ಅನ್‌ನೋನ್ ಪ್ಲೆಷರ್ಸ್'. 1979ರ ಏಪ್ರಿಲ್, ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋ. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್, ಸ್ಟೀಫನ್ ಮಾರಿಸ್‌ನ ಡ್ರಮ್‌ಗಳ ಸದ್ದನ್ನು ಒಂದಕ್ಕೊಂದು ಸೋಂಕದಂತೆ ಬೇರೆ ಮಾಡಿ, ಸದ್ದನ್ನು ತುಸು ತಡವಾಗಿ ಮರುಕಳಿಸುವ ಡಿಜಿಟಲ್ ಡಿಲೇ ಸೇರಿಸಿದ. ಹುಕ್‌ಗೂ ಸಮ್ನರ್‌ಗೂ ಇದು ಹಿಡಿಸಲಿಲ್ಲ, ವೇದಿಕೆಯ ಕಾವು ಹೋಯಿತು ಅಂದರು. 'ಸಾವಿನ ಮನೆ', 'ಗಲಾಟೆ' ಅಂತ ನನ್ನ ಗೆಳೆಯರು ಆಡಿದ ಜಗಳವನ್ನು ಬ್ಯಾಂಡ್ ಒಳಗೇ ಆಗಲೇ ಆಡಿಯಾಗಿತ್ತು. ಇದು ಗೊತ್ತಾದ ಮೇಲೆ ಯಾರ ಅಭಿಪ್ರಾಯವನ್ನೂ ನಾನು ತಳ್ಳಿಹಾಕಲಿಲ್ಲ, ಅದಕ್ಕೆ ಸರಿಯಾದ ರೆಕಾರ್ಡಿಂಗ್ ಹುಡುಕಿದೆ.

2007ರ ಎರಡು ಸಿಡಿಯ ಆವೃತ್ತಿ ಇದಕ್ಕೇ ಬೇಕು. ಎರಡನೇ ಸಿಡಿ ಮ್ಯಾಂಚೆಸ್ಟರ್‌ನ ಫ್ಯಾಕ್ಟರಿ ಕ್ಲಬ್‌ನಲ್ಲಿ 1979ರ ಜುಲೈ 13ರಂದು ನುಡಿಸಿದ್ದು. ತಂತಿ ಇರುವ ಹೆಡ್‌ಫೋನ್ ಹಾಕಿ. ಸ್ವರಗಳನ್ನು ಏರಿಳಿಸುವ ಈಕ್ವಲೈಜರ್ ತೆಗೆಯಿರಿ, ವಾಲ್ಯೂಮ್ ಸಮ ಮಾಡುವ ಸೆಟಿಂಗ್ ಆಫ್ ಮಾಡಿ, ಒಂದು ಹಾಡಿನ ಕೊನೆಗೆ ಮುಂದಿನದನ್ನು ಬೆರೆಸುವ ಕ್ರಾಸ್‌ಫೇಡ್ ಸೊನ್ನೆ. ಮೊದಲು 'ಡಿಸಾರ್ಡರ್': ಡ್ರಮ್, ಅದರ ಮೇಲೆ ಬೇಸ್, ಆಮೇಲೆ ಗಿಟಾರ್, ಒಂದೊಂದೇ ಬಂದು ನಿಲ್ಲುತ್ತವೆ. ಮುಂದೆ 'ಶೀಸ್ ಲಾಸ್ಟ್ ಕಂಟ್ರೋಲ್'. ತಾಳದ ಜೊತೆ 'ಛಿಸ್' ಅಂತ ಬರುವುದು ಸ್ಪ್ರೇ ಡಬ್ಬಿಯ ಸದ್ದು. ಅದು ಬಿಡಿಯಾಗಿ ಕೇಳಿದರೆ ನಿಮ್ಮ ಸೆಟಪ್ ಸರಿಯಿದೆ. ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಜೊತೆ ಕಲಸಿದರೆ ಎಲ್ಲೋ ಈಕ್ವಲೈಜರ್ ಉಳಿದಿರಬಹುದು. ತಕ್ಷಣ ಅದೇ ಹಾಡಿನ ಲೈವ್ ಹಾಕಿ, ವಾಲ್ಯೂಮ್ ಕಿವಿಯಲ್ಲೇ ಸರಿದೂಗಿಸಿ. ಜೋರಾಗಿ ಕೇಳುವುದೇ ಚೆನ್ನ ಅನ್ನಿಸಿಬಿಡುತ್ತದೆ, ಹೋಲಿಕೆ ಕೆಡುವುದು ಅಲ್ಲೇ.

ನಡುವೆ ಎರಡು ಪ್ರಯೋಗ. ಎಡಬಲ ಸೇರಿಸಿ ಮೋನೋ ಮಾಡಿದರೆ ಸ್ನೇರ್ ಡ್ರಮ್ಮಿನ ಏಟಿನ ನಂತರ ಉಳಿಯುವ ಮೊಳಗು ಏಟಿಗೇ ಅಂಟಿಕೊಂಡು, ಕೋಣೆ ಕುಗ್ಗಿದ ಹಾಗೆ ನನ್ನ ಕಿವಿಗೆ ಕೇಳಿತು. ಇನ್ನೊಂದು, ಎಲ್‌ಪಿಯನ್ನು ತಿರುಗಿಸಿ ಹಾಕಿದ್ದು. ಅದರ ಮಗ್ಗುಲುಗಳ ಹೆಸರು 'ಔಟ್‌ಸೈಡ್', 'ಇನ್‌ಸೈಡ್'. 'ಗಲಾಟೆ'ಯ ಗೆಳೆಯನಿಗೆ 'ಇನ್‌ಸೈಡ್' ಮೊದಲು ಕೇಳಿಸಿದೆ. 'ಶ್ಯಾಡೋಪ್ಲೇ' ಮುಗಿಯುವ ತನಕ ಅಲ್ಲಾಡಲಿಲ್ಲ.

ಬಿಡಿ ಹಾಡುಗಳಿಗೆ 1988ರ 'ಸಬ್‌ಸ್ಟೆನ್ಸ್' ಸಂಕಲನ ಸಾಕು. ಖರ್ಚು ನೆನಪಿನಿಂದ: 'ಸ್ಟಿಲ್' ಮೂರು ಸಾವಿರ, ಎಲ್‌ಪಿ 2,800ರ ಆಸುಪಾಸು, ಹಳೆಯ ಸಿಡಿ ಜೋಡಿ ಒಂಬತ್ತು ನೂರು, ಹೆಡ್‌ಫೋನ್ ಒಂದೂವರೆ ಸಾವಿರ. ನಿಜಕ್ಕೂ ಬೇಕಿದ್ದದ್ದು ಕೊನೆಯ ಎರಡೇ.

'ಕ್ಲೋಸರ್' ಕೊನೆಗೆ, ಎರಡು ದಿನ ಬಿಟ್ಟು. ಕರ್ಟಿಸ್ 1980ರ ಮೇ 18ರಂದು, 23ರ ವಯಸ್ಸಿನಲ್ಲಿ ತೀರಿಕೊಂಡ. ಆಲ್ಬಂ ಬಂದದ್ದು ಜುಲೈನಲ್ಲಿ. ಆದರೆ ಲಂಡನ್‌ನಲ್ಲಿ ಅದನ್ನು ರೆಕಾರ್ಡ್ ಮಾಡಿದ್ದು ಮಾರ್ಚ್‌ನಲ್ಲಿ, ನಾಲ್ವರೂ ಕೆಲಸದಲ್ಲಿ ಮುಳುಗಿದ್ದಾಗ. ಹೊಸಬರಿಗೆ ಕೇಳಿಸುವಾಗ ಸಾವಿನ ಸುದ್ದಿಯನ್ನು ಮೊದಲೇ ಎತ್ತಬೇಡಿ, ಎತ್ತಿದರೆ ಅವರ ಕಿವಿಗೆ ಬೇರೇನೂ ಬೀಳಲ್ಲ. ಬೇಸ್‌ಗಾಗಿ ಬಂದವರಿಗೆ ಒಂದು ಎಚ್ಚರಿಕೆ ಮಾತ್ರ ಕೊಡಿ: ಮೊದಲ ಹಾಡು 'ಅಟ್ರಾಸಿಟಿ ಎಕ್ಸಿಬಿಷನ್'ನಲ್ಲಿ ಹುಕ್ ಮತ್ತು ಸಮ್ನರ್ ವಾದ್ಯ ಅದಲುಬದಲು ಮಾಡಿಕೊಂಡಿದ್ದಾರೆ. ಅಲ್ಲಿ ಹುಕ್ ಕೈಯಲ್ಲಿರುವುದು ಗಿಟಾರ್. ಅವನ ಬೇಸ್ ಶುರುವಾಗುವುದು ಎರಡನೇ ಹಾಡಿನಿಂದ.