ದುಬೈನ ನಾಯಿ, ಧಾರವಾಡದ ಮಳೆ: ನನ್ನ ಅನುಭವ

ದುಬೈನಲ್ಲಿದ್ದಾಗ ದತ್ತು ಪಡೆದ, ಮರಳುಗಾಡಿನ ಅಂಚಿನಲ್ಲಿ ಸಿಕ್ಕ ಸಲೂಕಿ (ಅರಬ್ ನಾಡಿನ ಬೇಟೆನಾಯಿ) ಬೆರಕೆಯ ನಮ್ಮ ನಾಯಿ ಜೂಬಿ ಧಾರವಾಡದ ಮಳೆಗೆ ಒಗ್ಗುವುದಿಲ್ಲ ಎಂದು ಅಲ್ಲಿಯ ಗೆಳೆಯರೂ ಇಲ್ಲಿಯ ಬೀಗರೂ ಒಂದೇ ಬಾಯಲ್ಲಿ ಹೇಳಿದ್ದರು. ಒಗ್ಗಿದ್ದಾಳೆ. ಹೇಗೆಂಬುದನ್ನು ಬರೆಯುತ್ತೇನೆ.

ಮೊದಲು ಅವಳನ್ನು ಭಾರತಕ್ಕೆ ತರುವ ಕಾಗದಪತ್ರಗಳ ವಿಷಯ. ಎರಡು ವರ್ಷ ಸತತವಾಗಿ ಹೊರದೇಶದಲ್ಲಿದ್ದು ಭಾರತಕ್ಕೆ ವಾಸ ಬದಲಿಸುವವರಿಗೆ ಎರಡು ಸಾಕುಪ್ರಾಣಿಗಳನ್ನು ತರುವ ಅವಕಾಶವಿರುವುದರಿಂದ ನಮಗೆ ದಾರಿ ಸುಲಭವಾಯಿತು. ಸಾಕುಪ್ರಾಣಿ ಸಾಗಿಸುವ ಏಜೆಂಟರು ಕೇಳಿದ್ದು ಮೂರೂವರೆ ಲಕ್ಷ. ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕಚೇರಿಯ ನಿರಾಕ್ಷೇಪಣಾ ಪತ್ರದಿಂದ ಹಿಡಿದು ಎಲ್ಲವನ್ನೂ ನಾವೇ ಓಡಾಡಿ ಮಾಡಿಸಿದ್ದರಿಂದ ಸುಮಾರು ಒಂದೂವರೆ ಲಕ್ಷದಲ್ಲಿ ಮುಗಿಯಿತು. ನಡುವೆ ದುಬೈನ ಒಂದು ಪ್ರಾಣಿ ಚಿಕಿತ್ಸಾಲಯದವರು ರೇಬೀಸ್ ಲಸಿಕೆಯ ಕಾರ್ಡಿನಲ್ಲಿ ಮೈಕ್ರೋಚಿಪ್ (ಗುರುತಿಗಾಗಿ ನಾಯಿಯ ಚರ್ಮದಡಿ ಇಡುವ ಚಿಪ್ಪು) ಸಂಖ್ಯೆಯನ್ನೇ ಬರೆಯದೆ ಬಿಟ್ಟು, ತಿದ್ದಿಕೊಡಲೂ ಒಪ್ಪಲಿಲ್ಲ. ಲಸಿಕೆಯನ್ನು ಮತ್ತೆ ಹಾಕಿಸಬೇಕಾಯಿತು. ಲಸಿಕೆಗೂ ಪ್ರಯಾಣಕ್ಕೂ ನಡುವೆ ಒಂದು ತಿಂಗಳಿಗಿಂತ ಹೆಚ್ಚು ಅಂತರವಿರಬೇಕಾದ್ದರಿಂದ ಟಿಕೆಟ್ ಬದಲಿಸಿ ಇಪ್ಪತ್ತು ಸಾವಿರದಷ್ಟು ಕಳೆದುಕೊಂಡೆವು.

ನಿಜವಾದ ಕಷ್ಟ ಶುರುವಾದದ್ದು ಜೂನ್‌ನಲ್ಲಿ. ಜಿಟಿಜಿಟಿ ಮಳೆ ಹಿಡಿದ ಮೇಲೆ ಜೂಬಿ ಹಸಿ ನೆಲಕ್ಕೆ ಕಾಲಿಡಲು ಒಪ್ಪದೆ, ರಾತ್ರಿಯಿಂದ ಮರುದಿನ ಮಧ್ಯಾಹ್ನದವರೆಗೂ ಮೂತ್ರ ತಡೆದುಕೊಂಡು ಬಾಗಿಲಲ್ಲೇ ನಡುಗುತ್ತ ನಿಲ್ಲುತ್ತಿದ್ದಳು. ಒಂದೂವರೆ ಸಾವಿರದ ರೇನ್‌ಕೋಟ್ ತೊಡಿಸಿದರೆ ಹೆಜ್ಜೆ ಕಿತ್ತಿಡಲಿಲ್ಲ. ಅದಕ್ಕೂ ದುಬಾರಿಯಾದ ಪ್ಲಾಸ್ಟಿಕ್ ಹುಲ್ಲಿನ ಚಾಪೆ ತರಿಸಿದರೆ ಅದರ ಮೇಲೆ ಹಾಯಾಗಿ ಮಲಗಿಬಿಟ್ಟಳು. ಆಗ ನಮ್ಮ ಅವ್ವ, "ಮರಿ ಇದ್ದಾಗಿಂದ ಉಸುಕಿನ್ಯಾಗ ಬೆಳದದ್ದು, ಅದಕ್ಕ ಉಸುಕ ಬೇಕಾಗೇದ" ಎಂದಳು.

ಹಿತ್ತಲಿನಲ್ಲಿ ತಗಡಿನ ಚಪ್ಪರ ಹಾಕಿಸಿ, ಸುತ್ತ ಎರಡು ಸಾಲು ಇಟ್ಟಿಗೆ ಕಟ್ಟಿ, ಗೇಣುದ್ದ ಉಸುಕು ತುಂಬಿಸಿದೆವು. ಮೊದಲು ಹಾಕಿದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಉಸುಕು) ಅಂಗಾಲಿಗೆ ಚುಚ್ಚಿ ಅವಳು ಪಾದ ನೆಕ್ಕತೊಡಗಿದ್ದರಿಂದ ಅದನ್ನು ತೆಗೆಸಿ, ಜರಡಿ ಹಿಡಿದ ನದಿಯ ಉಸುಕು ಹಾಕಿಸಬೇಕಾಯಿತು. ಎಲ್ಲ ಸೇರಿ ಹನ್ನೊಂದು ಸಾವಿರದ ಆಸುಪಾಸು. ಆ ಉಸುಕಿನ ಮೇಲೆ ಮೊದಲ ದಿನ ಏನು ಚಿಮುಕಿಸಿದೆವು ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಐದೇ ನಿಮಿಷದಲ್ಲಿ ಕೆಲಸವಾಯಿತು. ನಂತರ ಇಲ್ಲಿಯ ನೆಲ ಅವಳಿಗೆ ರೂಢಿಯಾಗಲೆಂದು ವಾರಕ್ಕೊಂದು ಬುಟ್ಟಿಯಂತೆ ನಮ್ಮ ಕೆಮ್ಮಣ್ಣು ಬೆರೆಸುತ್ತ ಹೋದೆವು. ಗದಗಿನ ಹೊಲದಿಂದ ತಂದ ಎರೆಮಣ್ಣನ್ನೂ ಒಮ್ಮೆ ಪರೀಕ್ಷಿಸಿದ್ದುಂಟು. ಅದು ಬೆರಳುಗಳ ಸಂದಿಗೆ ಮೆತ್ತಿಕೊಳ್ಳುವುದರಿಂದ ಬೇಡ. ಶ್ರಾವಣದ ಹೊತ್ತಿಗೆ ಚಪ್ಪರದ ಕೆಳಗೆ ಬಹುಪಾಲು ಕೆಮ್ಮಣ್ಣೇ ಉಳಿದು, ಜೂಬಿ ಹನಿಮಳೆಯಲ್ಲೇ ಪೇರಲ ಗಿಡದವರೆಗೆ ಹೋಗಿಬರತೊಡಗಿದಳು.

ಊಟದಲ್ಲೂ ಒಂದು ಪ್ರಯೋಗ ನಡೆಸಿದೆವು. ಪ್ಯಾಕೆಟ್ ಆಹಾರದ ಅರ್ಧದಷ್ಟನ್ನು ಬಿಟ್ಟು, ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಬೇಯಿಸಿದ ಮೊಟ್ಟೆಯೊಂದಿಗೆ ಕೊಟ್ಟಾಗ ತಿಂಗಳ ಖರ್ಚು ಆರು ಸಾವಿರದಿಂದ ಮೂರೂವರೆಗೆ ಇಳಿಯಿತು, ತೂಕ ಇಳಿಯಲಿಲ್ಲ. ಉಣ್ಣಿಗಳ ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ: ಅವುಗಳಿಂದ ಬರುವ ಎರ್ಲಿಕಿಯಾ ಜ್ವರ ಪ್ಲೇಟ್‌ಲೆಟ್‌ಗಳನ್ನು ಇಳಿಸಿ ಪ್ರಾಣಕ್ಕೇ ಕುತ್ತು ತರುತ್ತದೆ, ಆದ್ದರಿಂದ ವೈದ್ಯರು ಬರೆದ ಮಾತ್ರೆಯನ್ನು ತಪ್ಪಿಸುವುದಿಲ್ಲ.

ಹಾವೇರಿಯ ನಮ್ಮ ಅಳಿಯನ ಕುಟುಂಬ ಈಗ ಮಸ್ಕತ್‌ನಿಂದ ಇಂಥದ್ದೇ ಒಂದು ನಾಯಿಯನ್ನು ತರಲಿದೆ. ಚಳಿಗಾಲದಲ್ಲೇ ತನ್ನಿ, ಟಿಕೆಟ್ ತೆಗೆಯುವ ಮೊದಲೇ ಚಪ್ಪರ ಹಾಕಿಸಿ ಎಂದು ಹೇಳಿದ್ದೇನೆ.