ಶಾಲೆ ಗೇಟಿನ ಮುಂದೆ ಜಾಮ್ ತಪ್ಪಲಿ, ಮಾತು ಉಳಿಯಲಿ

ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಬೆಂಗಳೂರಿನ ಯಾವುದೇ ದೊಡ್ಡ ಖಾಸಗಿ ಶಾಲೆಯ ಮುಂದೆ ನಿಂತು ನೋಡಿ. ಸ್ಕೂಟರ್, ಕಾರು, ಆಟೊ, ಹಳದಿ ಬಸ್ಸು ಎಲ್ಲವೂ ಒಂದೇ ಗೇಟಿಗೆ ಮುಗಿಬೀಳುತ್ತವೆ. ಗಲಾಟೆ ಇರುವುದು ಸ್ವಲ್ಪ ಹೊತ್ತು ಮಾತ್ರ. ಆದರೆ ಪುಟ್ಟ ಮಕ್ಕಳು ಗಾಡಿಗಳ ನಡುವೆ ನುಸುಳುವುದೂ ಆಗಲೇ.

ಇದಕ್ಕೆ ಅನೇಕ ಶಾಲೆಗಳು ಹಗ್ಗ ಕಟ್ಟಿ, ಸೀಟಿ ಊದಿ, ‘ಇಳಿಸಿ, ಹೊರಡಿ’ ಎನ್ನುತ್ತವೆ. ಜಾಮ್ ಕಡಿಮೆಯಾಗುತ್ತದೆ, ನಿಜ. ಜೊತೆಗೆ ಪೋಷಕರು ಅಲ್ಲಿ ನಿಂತು ಆಡುವ ನಾಲ್ಕು ಮಾತೂ ನಿಂತುಹೋಗುತ್ತದೆ. ಯಾರ ಮಗುವಿಗೆ ಜ್ವರ, ಯಾರಿಗೆ ಈ ವಾರ ರಾತ್ರಿ ಪಾಳಿ, ನಾಳೆ ಯಾರ ಮಗುವನ್ನು ಯಾರು ಕರೆದುಕೊಂಡು ಬರಬಹುದು ಎಂಬುದೆಲ್ಲ ಗೊತ್ತಾಗುವುದು ಅಲ್ಲೇ ಅಲ್ವಾ? ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೋಮ್‌ವರ್ಕ್ ಫೋಟೊ ಸಿಗುತ್ತದೆ, ಇಷ್ಟು ಪರಿಚಯ ಸಿಗುವುದಿಲ್ಲ. ಶಿಸ್ತು, ಒಡನಾಟ ಎರಡೂ ಉಳಿಯುವ ಹಾಗೆ ವ್ಯವಸ್ಥೆ ಮಾಡಬಹುದು. ಅದು ಹೀಗೆ.

ಮೊದಲು ಸುಮ್ನೆ ನೋಡಿ

ಒಂದು ವಾರ ಏನನ್ನೂ ಬದಲಿಸಬೇಡಿ. ಗಂಟೆ ಹೊಡೆಯುವ ಅರ್ಧ ತಾಸು ಮುಂಚೆ ಇಬ್ಬರು ಪೋಷಕರು, ಒಬ್ಬ ಶಿಕ್ಷಕರು ನಿಂತು ಬರೆದುಕೊಳ್ಳಿ. ಗಾಡಿಗಳು ಯಾವ ಕಡೆಯಿಂದ ಬರುತ್ತವೆ? ಎಲ್ಲಿ ಯೂ-ಟರ್ನ್ ಹೊಡೆಯುತ್ತವೆ? ಹೆಚ್ಚು ಹೊತ್ತು ನಿಲ್ಲುವವರು ಯಾರು? ಅಳುವ ಎಲ್‌ಕೆಜಿ ಮಗುವಿನ ತಾಯಿ ನಿಲ್ಲುವುದಕ್ಕೂ ಫೋನ್ ನೋಡುತ್ತಾ ಕಾರಿನಲ್ಲಿ ಕುಳಿತಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಗೇಟಿನ ಎದುರೇ ಗಾಡಿ ತಿರುಗಿಸುವುದು ಮತ್ತು ನಿಲ್ಲಿಸಿ ಹೋಗುವುದು, ಇವೆರಡರಿಂದಲೇ ರಸ್ತೆ ಕಟ್ಟಿಕೊಳ್ಳುವುದು ನಿಮ್ಮ ಪಟ್ಟಿಯಲ್ಲಿ ಕಾಣಿಸಬಹುದು.

ಬರೆದುಕೊಂಡದ್ದನ್ನು ಪೋಷಕರ ಸಭೆಯಲ್ಲಿ ಇಡಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಹಾಗಾಗಿ ಈ ವಿಷಯ ಎತ್ತಲು ಯಾರ ಅಪ್ಪಣೆಯೂ ಬೇಕಿಲ್ಲ.

ಶಾಲೆ ಎಡಗಡೆಗೆ ಬರಲಿ

ಎಲ್ಲರೂ ಶಾಲೆ ತಮ್ಮ ಎಡಕ್ಕೆ ಬರುವ ದಿಕ್ಕಿನಿಂದಲೇ ಬರುವಂತೆ ಕೇಳಿಕೊಳ್ಳಿ. ನಮ್ಮಲ್ಲಿ ಗಾಡಿ ಎಡಕ್ಕೆ ಓಡುವುದರಿಂದ ಮಗು ನೇರವಾಗಿ ಫುಟ್‌ಪಾತ್ ಕಡೆಗೇ ಇಳಿಯುತ್ತದೆ, ರಸ್ತೆ ದಾಟುವ ಪ್ರಶ್ನೆಯೇ ಇಲ್ಲ. ಕಾರಿನಲ್ಲಿ ಮಗುವನ್ನು ಹಿಂದಿನ ಸೀಟಿನ ಎಡಬದಿಯಲ್ಲಿ ಕೂರಿಸಿ. ಒಂದು ಬೀದಿ ಸುತ್ತಿ ಬರಬೇಕಾಗಬಹುದು. ಯೂ-ಟರ್ನ್‌ಗೆ ಕಾಯುವುದಕ್ಕಿಂತ ಅದೇ ವಾಸಿ. ಇದು ಪೋಷಕರ ನಡುವಿನ ಒಪ್ಪಂದ ಮಾತ್ರ. ರಸ್ತೆಯನ್ನು ಒನ್ ವೇ ಮಾಡಬೇಕೆಂದರೆ ಸಂಚಾರ ಪೊಲೀಸರನ್ನೇ ಕೇಳಬೇಕು.

ಸ್ಕೂಟರ್‌ಗಳಿಗೆ ಬೇರೆ ಜಾಗ ಕೊಡಿ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಅದರ ಪಟ್ಟಿ ಬಿಚ್ಚಿ, ಬ್ಯಾಗ್ ಹೆಗಲಿಗೆ ಹಾಕಿ ಕಳಿಸಲು ಸಮಯ ಬೇಕೇ ಬೇಕು. ಹಿಂದಿನಿಂದ ಕಾರು ಹಾರ್ನ್ ಹೊಡೆದರೆ ಆ ತಾಯಿ ನಾಳೆ ಹೆಲ್ಮೆಟನ್ನೇ ಬಿಟ್ಟು ಬಂದಾರು. ಈ ಆತುರ ಹುಟ್ಟದಂತೆ ನೋಡಿಕೊಳ್ಳುವುದು ಶಾಲೆಯ ಕೆಲಸ.

ಇಳಿಸಲು ಒಂದು ಜಾಗ, ನಿಲ್ಲಲು ಇನ್ನೊಂದು

ಎಲ್ಲಕ್ಕಿಂತ ಮುಖ್ಯವಾದ, ಆದರೆ ಜಾಸ್ತಿ ಶಾಲೆಗಳು ಮರೆಯುವ ಹೆಜ್ಜೆ ಇದು. ಗೇಟಿನ ಮುಂದಿನ ಜಾಗ ಇಳಿಸುವುದಕ್ಕೆ ಮಾತ್ರ ಇರಲಿ. ಮಾತಾಡಬೇಕೆನ್ನುವವರಿಗೆ ಇನ್ನೊಂದು ಜಾಗ ತೋರಿಸಿ. ಕಾಂಪೌಂಡಿನ ಒಳಗಿನ ಮರದ ನೆರಳು, ಆಟದ ಮೈದಾನದ ಒಂದು ಮೂಲೆ, ಬೆಳಿಗ್ಗೆ ಖಾಲಿ ಇರುವ ಸಭಾಂಗಣದ ಮೆಟ್ಟಿಲು, ಯಾವುದಾದರೂ ಸರಿ. ನಾಲ್ಕು ಬೆಂಚು, ಕುಡಿಯುವ ನೀರು ಇದ್ದರೆ ಸಾಕು. ಗಾಡಿಯನ್ನು ಸ್ವಲ್ಪ ದೂರ ನಿಲ್ಲಿಸಿ, ಮಗುವಿನ ಕೈ ಹಿಡಿದು ನಡೆದು ಬಂದವರು ಇಲ್ಲಿ ಕೂರಬಹುದು.

‘ಭದ್ರತೆಯ ದೃಷ್ಟಿಯಿಂದ ಯಾರನ್ನೂ ಒಳಗೆ ಬಿಡಲ್ಲ’ ಎಂದು ಆಡಳಿತ ಮಂಡಳಿ ಹೇಳಬಹುದು. ಪೋಷಕರ ಗುರುತಿನ ಚೀಟಿ ನೋಡಿ ಬಿಡಿ, ಗಂಟೆ ಹೊಡೆದ ಹತ್ತು ನಿಮಿಷಕ್ಕೆ ಎಲ್ಲರೂ ಹೊರಡಲಿ. ಒಬ್ಬರನ್ನೊಬ್ಬರು ಗುರುತಿಸುವ ಪೋಷಕರಿದ್ದರೆ ಅಪರಿಚಿತರು ಬಂದಾಗ ಬೇಗ ಗೊತ್ತಾಗುತ್ತದೆ. ಸಿಸಿಟಿವಿ ಇರಲಿ, ಆದರೆ ‘ನೀವು ಯಾರ ಕಡೆಯವರು?’ ಎಂದು ಅದು ಕೇಳುವುದಿಲ್ಲ. ಹೊಸದಾಗಿ ಊರಿಗೆ ಬಂದವರನ್ನು, ಮೊಮ್ಮಗುವನ್ನು ಬಿಡಲು ಬರುವ ಅಜ್ಜ–ಅಜ್ಜಿಯರನ್ನು ಕರೆದು ಕೂರಿಸಿಕೊಳ್ಳಿ.

ಸೀಟಿಗಿಂತ ಹೆಸರು ಕೆಲಸ ಮಾಡುತ್ತದೆ

ಪಾಳಿಯ ಪ್ರಕಾರ ಇಬ್ಬಿಬ್ಬರು ಪೋಷಕರು ಇಳಿಸುವ ಜಾಗದಲ್ಲಿ ನಿಲ್ಲಲಿ. ಬಾಗಿಲು ತೆಗೆಯುವುದು, ಬ್ಯಾಗ್ ಕೊಡುವುದು, ಪುಟಾಣಿಗಳನ್ನು ಶಾಲೆಯ ಆಯಾಗಳ ಕೈಗೆ ಒಪ್ಪಿಸುವುದು ಇವರ ಕೆಲಸ. ಓಡುತ್ತಿರುವ ಗಾಡಿಗಳನ್ನು ತಡೆಯಲು ಮಾತ್ರ ಹೋಗಬೇಡಿ. ಅದನ್ನು ಪೊಲೀಸರು ಅಥವಾ ತರಬೇತಿ ಪಡೆದ ಟ್ರಾಫಿಕ್ ವಾರ್ಡನ್‌ಗಳು ಮಾಡಲಿ. ತಪ್ಪು ಮಾಡಿದವರ ಗಾಡಿ ನಂಬರ್ ಫೋಟೊ ತೆಗೆದು ಗುಂಪಿಗೆ ಹಾಕುವ ಚಾಳಿ ಬೇಡವೇ ಬೇಡ. ಮರುದಿನ ಹೆಸರು ಹಿಡಿದು, ‘ಸರ್, ನಾಳೆಯಿಂದ ಆ ಕಡೆಯಿಂದ ಬನ್ನಿ’ ಎಂದರೆ ಕೇಳುವವರೇ ಹೆಚ್ಚು.

ಆಟೊ ಮತ್ತು ವ್ಯಾನ್ ಚಾಲಕರನ್ನೂ ಸಭೆಗೆ ಕರೆಯಿರಿ. ಯಾವ ಮಗು ಎಲ್ಲಿ ಹತ್ತುತ್ತದೆ, ಯಾರ ಮನೆಯಲ್ಲಿ ತಡವಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅವರನ್ನು ಬಿಟ್ಟು ಮಾಡಿದ ನಿಯಮ ನಿಲ್ಲುವುದಿಲ್ಲ.

ಹತ್ತಿರದವರು ನಡೆದು ಬರಲಿ

ಒಂದೇ ಬಡಾವಣೆಯ ಮಕ್ಕಳನ್ನು ಗುಂಪು ಮಾಡಿ, ಮುಂದೆ ಒಬ್ಬರು, ಹಿಂದೆ ಒಬ್ಬರು ದೊಡ್ಡವರು ನಡೆಸಿಕೊಂಡು ಬರಬಹುದು. ‘ನಡಿಗೆ ಬಸ್ಸು’ ಎಂಬ ಈ ಪದ್ಧತಿ 1990ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಹೆಸರು ಮಾಡಿತು. ಜಪಾನಿನಲ್ಲಿ ದೊಡ್ಡ ತರಗತಿಯ ಮಕ್ಕಳೇ ಚಿಕ್ಕವರನ್ನು ಸಾಲಾಗಿ ಕರೆದೊಯ್ಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದು ಹೊಸದೇನಲ್ಲ, ಅಕ್ಕನ ಕೈ ಹಿಡಿದ ತಮ್ಮ, ಅವರ ಹಿಂದೆ ಪಕ್ಕದ ಮನೆಯವರು ಹೀಗೇ ಹೋಗುತ್ತಾರೆ. ನಗರದಲ್ಲಿ ಮೊದಲು ವಾರಕ್ಕೆ ಒಂದು ದಿನ ಮಾಡಿ ನೋಡಿ. ಫುಟ್‌ಪಾತ್ ಇಲ್ಲದ ದಾರಿ ಮಾತ್ರ ಬೇಡ.

ಮಳೆಗಾಲಕ್ಕೆ ಬೇರೆ ಲೆಕ್ಕ

ಶಾಲೆ ಶುರುವಾಗುವ ಹೊತ್ತಿಗೇ ಮುಂಗಾರೂ ಬರುತ್ತದೆ. ಮಳೆ ದಿನ ನಡೆದು ಬರುವವರು ಕಡಿಮೆ, ಗಾಡಿಗಳು ಜಾಸ್ತಿ. ಗಂಟೆಯನ್ನು ಹತ್ತು ನಿಮಿಷ ಸಡಿಲಿಸಿ, ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸಬೇಡಿ. ಚಾವಣಿ ಇರುವ ಇನ್ನೊಂದು ಗೇಟಿದ್ದರೆ ಅದನ್ನೂ ತೆರೆಯಿರಿ. ಇಷ್ಟನ್ನೂ ಮೇ ತಿಂಗಳ ಸಭೆಯಲ್ಲೇ ಬರೆದಿಟ್ಟುಕೊಂಡು, ದಸರಾ ರಜೆಯಲ್ಲಿ ಚಾಲಕರನ್ನೂ ಆಯಾಗಳನ್ನೂ ಕೂರಿಸಿಕೊಂಡು ಏನು ನಡೆಯಿತು, ಏನು ನಡೆಯಲಿಲ್ಲ ಎಂದು ತಿದ್ದಿಕೊಳ್ಳಿ.